ಎಲ್ಲಿದೆ, ತೋರಿಸಿ

ಜೆರಾಕ್ಸ್ ಅಂಗಡಿಯವನು ಹಾಳೆಯನ್ನು ಗಾಜಿನ ಮೇಲೆ ಬೋರಲು ಹಾಕುವ ಮೊದಲು ಒಮ್ಮೆ ಅದರ ಮೇಲೆ ಕಣ್ಣಾಡಿಸಿದ್ದು ಪ್ರತಿ ಮಾಡಿಸಲು ಬಂದ ಮೇಷ್ಟ್ರಿಗೆ ಸರಿಬರಲಿಲ್ಲ. ಇಷ್ಟು ವರ್ಷ ಇದೇ ಅಂಗಡಿಯಲ್ಲಿ ಪಾಠದ ಹಾಳೆಗಳನ್ನು ಪ್ರತಿ ಮಾಡಿಸಿದ್ದಾನೆ. ಒಂದು ದಿನವಾದರೂ ಈ ಮಹಾಶಯ ಅದರಲ್ಲಿ ಏನಿದೆ ಎಂದು ನೋಡಿದವನಲ್ಲ. ಇವತ್ತೇ ಈ ಮನುಷ್ಯನಿಗೆ ಓದುವ ಹುಕಿ ಬರಬೇಕೆ. ಕೆಳಗೆ ಬರೆದವರ ಹೆಸರು ಬಿಟ್ಟುಹೋಗಿದೆಯಲ್ಲ ಸರ್ ಎಂದ. ಬಿಟ್ಟುಹೋಗಿಲ್ಲ, ಬೇಕೆಂತಲೇ ತೆಗೆದದ್ದು, ಹೆಸರು ಕಂಡರೆ ಹುಡುಗರು ಹೆಸರನ್ನು ಓದುತ್ತಾರೆಯೇ ಹೊರತು ಹಾಳೆಯನ್ನು ಓದುವುದಿಲ್ಲ, ಇದು ನಮ್ಮ ಕಸುಬಿನ ಹಳೆಯ ಕ್ರಮ ಎಂದು ಅವನು ಬೇಡದಷ್ಟು ವಿವರ ಕೊಟ್ಟ. ಕೇಳಿದವನು ಆಗಲೇ ಮುಚ್ಚಳ ಮುಚ್ಚಿ, ಗುಂಡಿ ಒತ್ತಿ, ಪಕ್ಕದ ಗಿರಾಕಿಯ ಗುರುತಿನ ಚೀಟಿಗೆ ಪ್ಲಾಸ್ಟಿಕ್ ಹೊದಿಸುವುದರಲ್ಲಿ ಮುಳುಗಿದ್ದ. ಹಾಳೆಗಳು ಬಿಸಿಬಿಸಿಯಾಗಿ ಒಂದರ ಮೇಲೊಂದು ಬಂದು ಬಿದ್ದವು. ಎತ್ತಿಕೊಂಡು ಅಂಚು ಸರಿಮಾಡುವಾಗ ಅವನಿಗೆ ಒಳಗೊಳಗೇ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ತಾನು ಬರೆದದ್ದರ ಇಷ್ಟು ಪ್ರತಿಗಳನ್ನು ಅವನು ಒಟ್ಟಿಗೆ ನೋಡುತ್ತಿರುವುದು ಇದೇ ಮೊದಲು.

ಬೀದಿಗಿಳಿದರೆ ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಬೀಗ ರಿಪೇರಿಯವನ ಪೆಟ್ಟಿಗೆ ಅಂಗಡಿ, ಕನ್ನಡಕದ ಅಂಗಡಿ ದಾಟಿದರೆ ಅವನ ಸಂಸ್ಥೆಯಿರುವ ಕಟ್ಟಡ: ಕೆಳಗೆ ಬ್ಯಾಂಕು, ಅದರ ಮೇಲೆ ಹಲ್ಲಿನ ಡಾಕ್ಟರು, ಎಲ್ಲಕ್ಕಿಂತ ಮೇಲೆ ಇಂಗ್ಲಿಷು. ಮೊದಲು ದುಡ್ಡು ತಗೋ, ಆಮೇಲೆ ಹಲ್ಲು ಕೀಳಿಸ್ಕೋ, ಆಮೇಲೆ ಮಾತು ಕಲಿಯೋಕೆ ಬಾ ಎಂದು ಹುಡುಗರು ಮೆಟ್ಟಿಲ ಮೇಲೆ ಆಡಿಕೊಳ್ಳುವುದನ್ನು ಅವನು ಕೇಳಿಯೂ ಕೇಳದವನಂತೆ ಹತ್ತುತ್ತಾನೆ. ಉಳಿದ ಮೇಷ್ಟ್ರುಗಳು ಮಾತಾಡುವುದನ್ನು ಕಲಿಸುತ್ತಾರೆ. ಫೋನಿನಲ್ಲಿ ಹೇಗೆ ಕ್ಷಮೆ ಕೇಳಬೇಕು, ಸಂದರ್ಶನದಲ್ಲಿ ಕೈ ಎಲ್ಲಿಟ್ಟುಕೊಳ್ಳಬೇಕು, ಇಂಥವು. ಅವರ ಕೋಣೆಗಳಿಂದ ನಗು ಕೇಳಿಸುತ್ತಿರುತ್ತದೆ. ಅವನದು ಓದುವ ತರಗತಿ. ಒಂದೇ ಒಂದು ಹಾಳೆ ಇಟ್ಟುಕೊಂಡು ಇಡೀ ಪಾಠ. ಪ್ರವೇಶ ಪರೀಕ್ಷೆಯಲ್ಲಿ ಓದಿ ಉತ್ತರಿಸುವ ಭಾಗ ಇನ್ನೂ ಇದೆ ಎಂಬ ಒಂದೇ ಕಾರಣಕ್ಕೆ ಅದು ಉಳಿದುಕೊಂಡಿದೆ. ಅಲ್ಲಿ ನಿಯಮ ಒಂದೇ: ಯಾರು ಏನೇ ಹೇಳಲಿ, ಅದು ಹಾಳೆಯಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ದುಃಖದ ಕತೆ ಸರ್ ಎಂದರೆ, ಎಲ್ಲಿದೆ, ತೋರಿಸಿ. ಆಕೆ ಒಳ್ಳೆಯವಳು ಸರ್ ಎಂದರೆ, ಎಲ್ಲಿದೆ, ತೋರಿಸಿ. ತೋರಿಸಲಾರದವರು ಬಾಯಿ ಮುಚ್ಚಿಕೊಂಡು ಕೂರಬೇಕು. ಬರೆದವನು ಯಾರು, ಏನೆಂದುಕೊಂಡು ಬರೆದ, ಅದನ್ನೆಲ್ಲ ಕಟ್ಟಿಕೊಂಡು ನಮಗೇನಾಗಬೇಕು. ಅವನು ಬಂದು ಹೇಳುವುದಿಲ್ಲ, ಹೇಳಿದರೂ ನಂಬಬೇಕಾಗಿಲ್ಲ. ಹುಡುಗರು ಅವನಿಗೆ ಎಲ್ಲಿದೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಪಾಯಿಖಾನೆಯ ಗೋಡೆಯ ಮೇಲೂ ಅದನ್ನು ಬರೆದು, ಪಾಪ, ಮೇಷ್ಟ್ರು ಹುಡುಕುತ್ತಿರುವುದು ಏನನ್ನು ಎಂದು ಚಿತ್ರವನ್ನೂ ಹಾಕಿದ್ದಾರೆ.

ಈ ಹಾಳೆಯೇ ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ, ಆದರೂ ಮೆಟ್ಟಿಲು ಹತ್ತುತ್ತಾ ಅವನು ಉತ್ತರ ಸಿದ್ಧಮಾಡಿಕೊಂಡ. ಗೈಡಿನಲ್ಲಿ ಸಿಗದ, ಫೋನಿನಲ್ಲಿ ಹುಡುಕಿದರೂ ಸಾರಾಂಶ ಸಿಗದ ಹಾಳೆ ಬೇಕಿತ್ತು, ಅಷ್ಟೇ. ಅಷ್ಟೇ ಏನಲ್ಲ. ಹೆಂಡತಿಯ ತಮ್ಮ ಸಂಸಾರ ಸಮೇತ ಊಟಕ್ಕೆ ಬಂದಿದ್ದ ಆ ಭಾನುವಾರ ಅವನು, ನಾಲ್ಕು ಜನ ಸೇರಿದಾಗ ಯಾವಾಗಲೂ ಹೇಳುವಂತೆ, ಅಪ್ಪನ ಕೊನೆಯ ಸಂಜೆಯನ್ನು ಹೇಳುತ್ತಿದ್ದ: ತಾನು ಮಂಚದ ಪಕ್ಕ ಕೂತಿದ್ದದ್ದು, ಅಪ್ಪನ ಕೈ ತನ್ನ ಕೈಯಲ್ಲೇ ಇದ್ದದ್ದು, ಉಸಿರು ನಿಂತದ್ದು ಎಲ್ಲರಿಗಿಂತ ಮೊದಲು ತನಗೇ ಗೊತ್ತಾದದ್ದು. ತಮ್ಮನ ಹೆಂಡತಿ ಕಣ್ಣೊರೆಸಿಕೊಂಡಳು. ಬಡಿಸುತ್ತಿದ್ದ ಅವನ ಅಕ್ಕ ಸೌಟು ಹಿಡಿದುಕೊಂಡೇ ನಿಂತಳು. ಕೋಪವಿಲ್ಲ, ಏನಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

'ನೀನೆಲ್ಲಿ ಕೂತಿದ್ದೆ? ಬಾಗಿಲು ದಾಟಿ ಒಳಗೇ ಬರ್ಲಿಲ್ಲ ನೀನು.'

ಹೆಂಡತಿ ತಟ್ಟೆ ಎತ್ತುವ ನೆಪ ಮಾಡಿಕೊಂಡು ಎದ್ದಳು. ಅವಳ ತಮ್ಮ ನೀರಿನ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡತೊಡಗಿದ. ಆಮೇಲೆ ತಾನು ಕೂಗಾಡಿದ್ದು ಅವನಿಗೆ ಅರ್ಧಂಬರ್ಧ ನೆನಪಿದೆ. ನಿನಗೆ ತಲೆ ಕೆಟ್ಟಿದೆ, ಅಪ್ಪನ್ನ ನೋಡ್ಕೊಂಡೆ ಅಂತ ಅಪ್ಪ ನಿನ್ನೊಬ್ಬಳ ಸ್ವತ್ತಾ ಎಂದೆಲ್ಲ. ಅಕ್ಕ ತಿರುಗಿ ಮಾತಾಡಲಿಲ್ಲ, ಅದು ಅವಳ ಜಾಯಮಾನ. ಅಪ್ಪನ ಕಾಯಿಲೆಯ ವರ್ಷಗಳು ಅವಳ ಮದುವೆಯ ವಯಸ್ಸಿನ ವರ್ಷಗಳೂ ಆಗಿದ್ದವು, ಕಾಯಿಲೆ ಮುಗಿಯುವ ಹೊತ್ತಿಗೆ ಅವೂ ಮುಗಿದಿದ್ದವು. ಅದರ ಬಗ್ಗೆಯೂ ಅವಳು ಮಾತಾಡಿದವಳಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾ ಅವನ ಮನೆಯಲ್ಲಿ ಇದ್ದಾಳೆ. ಆ ಭಾನುವಾರದಿಂದ ಇಬ್ಬರಿಗೂ ಮಾತಿಲ್ಲ. ಅವನ ಅಂಗಿಯ ಗುಂಡಿ ಕಿತ್ತುಹೋದರೆ ಹೆಂಡತಿಯ ಕೈಯಲ್ಲಿ ಹೋಗಿ, ಹೆಂಡತಿಯ ಕೈಯಲ್ಲೇ ವಾಪಸು ಬರುತ್ತದೆ. ತನ್ನದೇ ಮನೆಯೊಳಕ್ಕೆ ಹೋಗುವಾಗ ಆ ಮುಂದಿನ ಕೋಣೆಯನ್ನು ದಾಟುವುದು ಅವನಿಗೆ ಈಗ ಒಂದು ದೊಡ್ಡ ಕೆಲಸ.

ಅಕ್ಕ ಅಂದದ್ದು ಸುಳ್ಳು ಎಂದು ಯಾರು ಹೇಳಬೇಕು. ಅಪ್ಪ ಇಲ್ಲ. ಹೆಂಡತಿ ಆಗ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಉಳಿದದ್ದು ಈ ಹಾಳೆ. ಅಪ್ಪ ಹೋದ ಹೊಸತರಲ್ಲಿ, ಎಲ್ಲ ಹಸಿಯಾಗಿದ್ದಾಗ ಆ ಸಂಜೆಯ ಬಗ್ಗೆ ಬರೆದದ್ದು, ಇಂಗ್ಲಿಷಿನಲ್ಲಿ. ದುಃಖಕ್ಕೆ ಸ್ವಲ್ಪ ದೂರದ ಭಾಷೆ ಒಳ್ಳೆಯದು ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದ. ಮನೆಯಲ್ಲಿ ಯಾರಿಗೂ ಓದಲಾಗದ ಭಾಷೆ ಎಂದು ಹೇಳಿಕೊಂಡಿರಲಿಲ್ಲ. ಪತ್ರಿಕೆಗಳಿಗೆ ಕಳಿಸಿ, ವಾಪಸು ಬಂದು, ಕಪಾಟಿನಲ್ಲಿ ಮಲಗಿದ್ದ ಆ ಹಾಳೆಯನ್ನು ಜಗಳವಾದ ಮೇಲೆ ತೆಗೆದು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ, ಬಾಯಿಪಾಠವೇ ಬಂದಿತ್ತು. ಓದಿದಾಗಲೆಲ್ಲ ಆ ಮಗ ಅಪ್ಪನ ಪಕ್ಕದಲ್ಲಿ ಕೂತಿರುತ್ತಿದ್ದ. ಆದರೆ ತಾನು ಬರೆದದ್ದನ್ನು ತಾನೇ ಓದಿ ಒಪ್ಪಿಕೊಂಡರೆ ಏನು ಬಂತು. ಸಂಬಂಧವಿಲ್ಲದವರು ಓದಬೇಕು. ಕರುಣೆಯಿಂದ ಓದದವರು, ಪದಪದಕ್ಕೂ ತಡವರಿಸಿ, ನಿಘಂಟು ನೋಡಿ, ಒಂದು ಸಾಲನ್ನೂ ಹಾರಿಸಲಾಗದವರು ಓದಬೇಕು. ಹಾಗೆ ಓದುವುದನ್ನು ತರಗತಿಯ ಹುಡುಗರಿಗೆ ಅವನೇ ಕಲಿಸಿದ್ದಾನೆ. ಅವರು ಓದಿ, ಬೆರಳಿಟ್ಟು, ಈ ಮಗ ಇಲ್ಲಿ ಕೂತಿದ್ದ ಸರ್ ಎಂದು ತೋರಿಸಿದರೆ ಸಾಕು. ಇವತ್ತು ಮನೆಗೆ ಹೋಗಿ ಅಕ್ಕನ ಯಂತ್ರದ ಎದುರೇ ತಲೆಯೆತ್ತಿ ಒಳಗೆ ನಡೆಯಬಹುದು.

ತರಗತಿಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಹಾಳೆ ಹಂಚಲು ಹೊರಟಾಗ ಮುಂದಿನ ಬೆಂಚಿನ ಗಡ್ಡದವನು, ನಾನು ಹಂಚ್ತೀನಿ ಕೊಡಿ ಸರ್ ಎಂದು ಎದ್ದ. ಗಡ್ಡದವನು ಹೊರದೇಶಕ್ಕೆ ಹೋಗಲು ಪರೀಕ್ಷೆ ಕಟ್ಟಿದವನು, ಇಂಗ್ಲಿಷ್ ನೀರಿನಂತೆ ಮಾತಾಡುತ್ತಾನೆ, ಅದರಲ್ಲಿ ನೀರಿನಷ್ಟೇ ರುಚಿ. ಎಲ್ಲರೂ ತಲೆ ತಗ್ಗಿಸಿ ಓದತೊಡಗಿದರು. ಅವನು ಕಿಟಕಿಯ ಬಳಿ ಹೋಗಿ ಬೀದಿ ನೋಡುವವನಂತೆ ನಿಂತು, ಗಾಜಿನಲ್ಲಿ ಕಾಣುವ ತಲೆಗಳನ್ನೇ ನೋಡಿದ. ಯಾರ ಬೆರಳು ಯಾವ ಸಾಲಿನಲ್ಲಿದೆ ಎಂದು ಊಹಿಸಿದ. ಹಾಸಿಗೆಯ ನೀಲಿ ಪಟ್ಟೆ. ಕಿಟಕಿಯ ಮೇಲಿನ ಲೋಟ. ಅಕ್ಕನ ಬಿಚ್ಚಿಹೋದ ಜಡೆ. ಆಮೇಲೆ ಆ ಸಾಲು ಬರಬೇಕು: ಕೋಣೆಯ ದೀಪ ಆರಿಸಿದ್ದರು, ಪಡಸಾಲೆಯ ದೀಪವಷ್ಟೇ ಉರಿಯುತ್ತಿತ್ತು, ನನ್ನ ನೆರಳು ಅಪ್ಪನ ಮೊಣಕಾಲಿನವರೆಗೆ ಹೋಗಿ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಅದನ್ನು ಬರೆದ ದಿನ ಅವನು ಎದ್ದು ಎರಡು ಸಲ ಕೋಣೆ ಸುತ್ತಿದ್ದ. ಇಂಥ ಸಾಲು ತನ್ನ ಕೈಯಿಂದಲೂ ಬರಬಹುದು ಎಂದು ಅವತ್ತು ಗೊತ್ತಾಗಿತ್ತು.

ಗಡ್ಡದವನೇ ಮೊದಲು ಶುರುಮಾಡಿದ. ತಂದೆ ಮಕ್ಕಳ ಬಾಂಧವ್ಯವನ್ನು ಮನಮುಟ್ಟುವಂತೆ ಹೇಳಿದ ಕತೆ, ಮಗ ಕೊನೆಯ ಗಳಿಗೆಯವರೆಗೂ ಕೈ ಬಿಡುವುದಿಲ್ಲ, ಓದುವಾಗ ನನ್ನ ತಂದೆ ನೆನಪಾದರು ಎಂದು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿದ. ಗೈಡಿನ ವಾಸನೆ ಹೊಡೆಯುವ ಮಾತು, ಬೇರೆ ದಿನವಾಗಿದ್ದರೆ ಅವನು ನಿಂತಲ್ಲೇ ಗಡ್ಡದವನ ನೀರಿಳಿಸುತ್ತಿದ್ದ. ಇವತ್ತು ಇಳಿಸಲಿಲ್ಲ. ವೆರಿ ಗುಡ್ ಎಂದ. ಗುಡ್ ಎಂಬ ಪದವೇ ಅವನ ಬಾಯಿಂದ ಬರುವುದು ಅಪರೂಪ, ಅದರ ಹಿಂದೆ ವೆರಿ ಬೇರೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಎಲ್ಲಿದೆ ಅಂತ ಕೇಳ್ಲೇ ಇಲ್ಲ ಕಣೋ ಎಂದು ಇನ್ನೊಬ್ಬರು ಪಿಸುಗುಟ್ಟಿದ್ದು ಫ್ಯಾನಿನ ಸದ್ದಿನ ನಡುವೆಯೂ ಕೇಳಿಸಿತು. ಆಗ ವಕೀಲರ ಮಗಳು ಕೈಯೆತ್ತಿದಳು.

ವಕೀಲರ ಮಗಳೆಂದರೆ ತರಗತಿಗೆಲ್ಲ ಸ್ವಲ್ಪ ತಲೆನೋವು. ಅಪ್ಪನ ಕಾರಿನಲ್ಲಿ ಬಂದಿಳಿಯುತ್ತಾಳೆ, ಯಾರ ಜೊತೆಗೂ ಬೆರೆಯುವುದಿಲ್ಲ, ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಾಳೆ, ಆದರೂ ಕಾಲು ಕೆರೆದು ವಾದಕ್ಕೆ ಬರುವುದನ್ನು ಬಿಟ್ಟಿಲ್ಲ. ಇಂಗ್ಲಿಷ್ ನಾಲಗೆಯಲ್ಲಿ ಹೊರಳುವುದಿಲ್ಲ. ಅದು ಗೊತ್ತಿದ್ದೇ, ಕಷ್ಟದ ಮಾತು ಬಂದಾಗ ಮನೆಮಾತಿನಲ್ಲೇ ಹೇಳಬಹುದೆಂದು ಅವನು ಎಲ್ಲರಿಗೂ ಸಡಿಲ ಕೊಟ್ಟಿದ್ದ. ಅವಳು ನಿಂತು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು.

'ಸರ್, ಇವನು ಕೋಣೆ ಒಳಗೆ ಹೋಗಿಲ್ಲ.'

ಎಲ್ಲಿದೆ, ತೋರಿಸಿ ಎಂದು ಅವನು ಕೇಳಿದ. ಧ್ವನಿ ಸರಿಯಾಗಿಯೇ ಬಂತು. ಅವಳು ಹಲಗೆಯ ಬಳಿ ಬಂದು ಸೀಮೆಸುಣ್ಣ ಎತ್ತಿಕೊಂಡಳು, ಅನುಮತಿಯನ್ನೂ ಕೇಳದೆ. ಒಂದು ಚೌಕ ಎಳೆದು ಕೋಣೆ ಎಂದಳು. ಒಂದು ಬದಿಯಲ್ಲಿ ಬಾಗಿಲು. ಬಾಗಿಲಿನಾಚೆ ಪಡಸಾಲೆ, ಅಲ್ಲೊಂದು ದೀಪ. ಮಂಚವನ್ನು ಕಾಲು ಬಾಗಿಲ ಕಡೆ ಬರುವ ಹಾಗೆ ಹಾಕಿದಳು. ಯಾಕೆಂದರೆ ಮೂರನೆಯ ಸಾಲಿನಲ್ಲಿ ಅವನಿಗೆ ಮೊದಲು ಕಾಣಿಸುವುದು ಅಪ್ಪನ ಅಂಗಾಲು, ಅಂಗಾಲಿನ ಬಿರುಕಿನಲ್ಲಿ ಹಚ್ಚಿದ ಮುಲಾಮು ಕೂಡ. ಒಳಗೆ ಬೇರೆ ದೀಪವಿಲ್ಲ. ಪಡಸಾಲೆಯ ದೀಪಕ್ಕೆ ಇವನ ನೆರಳು ಅಪ್ಪನ ಮೊಣಕಾಲಿನವರೆಗೆ ಬೀಳಬೇಕಾದರೆ ಇವನು ಎಲ್ಲಿರಬೇಕು? ಅವಳು ಬಾಗಿಲಲ್ಲಿ ಒಂದು ಚುಕ್ಕೆ ಇಟ್ಟಳು, ಸೀಮೆಸುಣ್ಣ ಮುರಿಯಿತು. ತಲೆದೆಸೆಯಲ್ಲಿ ಕೂತಿದ್ದರೆ ನೆರಳು ಹಿಂದಿನ ಗೋಡೆ ಮೇಲೆ ಬೀಳುತ್ತಿತ್ತು ಎಂದಳು. ಹಲಗೆಯ ಮೇಲೆ ಅವನ ಮನೆಯ ಆ ಕೋಣೆ ಇದ್ದದ್ದು ಇದ್ದ ಹಾಗೆ ಬಂದಿತ್ತು, ಕಿಟಕಿಯನ್ನು ಸಹ ಅವಳು ಸರಿಯಾದ ಗೋಡೆಗೇ ಹಾಕಿದ್ದಳು. ಈಗ ಆ ಕೋಣೆಯಲ್ಲಿ ಮಕ್ಕಳ ಸೈಕಲ್ಲು, ಹಳೆಯ ಪತ್ರಿಕೆ ಇಡುತ್ತಾರೆ. ಅಲ್ಲಿಗೆ ಹೋದಾಗಲೂ ಅವನು ಏನು ಬೇಕೋ ಅದನ್ನು ಬಾಗಿಲಲ್ಲೇ ನಿಂತು ಕೈಚಾಚಿ ತೆಗೆದುಕೊಳ್ಳುತ್ತಾನೆ.

ನೆರಳು ಗಿರಳು ಎಲ್ಲ ಅಲಂಕಾರಕ್ಕೆ ಬರೆಯುವುದು, ಕೈ ಹಿಡಿದುಕೊಂಡೆ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ್ದಾನಲ್ಲ ಎಂದು ಅವನು ಹಾಳೆಯ ಮೇಲೆ ಬೆರಳು ಕುಟ್ಟಿದ. ಅವಳು ತಲೆಯಾಡಿಸಿದಳು.

'ಹೇಳಿದ್ದಾನೆ ಸರ್. ಆದ್ರೆ ಪಟ್ಟೆ ಯಾವ ಬಣ್ಣ ಅಂತ ಇದೆ, ಲೋಟದಲ್ಲಿ ನೀರು ಎಷ್ಟಿತ್ತು ಅಂತ ಇದೆ. ಹಿಡ್ಕೊಂಡ ಕೈ ಬಿಸಿ ಇತ್ತಾ ತಣ್ಣಗಿತ್ತಾ ಅಂತ ಮಾತ್ರ ಇಲ್ಲ. ಇಡೀ ಪುಟದಲ್ಲಿ ಅದೊಂದೇ ಅವನು ನೋಡದೆ ಬರೆದಿರೋದು.'

ಆಮೇಲೆ ನಡೆದದ್ದು ಅವನ ಇಷ್ಟು ವರ್ಷದ ಕೆಲಸದಲ್ಲಿ ಎಂದೂ ನಡೆಯದ್ದು. ತರಗತಿಗೆ ತರಗತಿಯೇ ಮೈಕೊಡವಿ ಎದ್ದಿತು. ಹೌದಲ್ವಾ, ಮುಖವೂ ಇಲ್ಲ ಸರ್, ಅಪ್ಪನ ಮುಖ ಹೇಗಿತ್ತು ಅಂತ ಎಲ್ಲೂ ಇಲ್ಲ ಎಂದು ಕನ್ನಡಕದ ಹುಡುಗ. ಅಕ್ಕನ ಬೆನ್ನು ಮಾತ್ರ ಕಾಣುತ್ತೆ ಸರ್, ಜಡೆ ಕಾಣುತ್ತೆ, ಅವಳು ಅಪ್ಪನ ಕಡೆ ತಿರುಗಿ ಕೂತಿದ್ದಾಳೆ, ಇವನು ಅವಳ ಹಿಂದೆ ಇದ್ದಾನೆ ಎಂದು ಎಂದೂ ಬಾಯಿ ಬಿಡದ ಒಬ್ಬಳು. ಔಷಧಿಯ ವಾಸನೆ ಕೂಡ ಬರೋದಿಲ್ಲ ಅವನಿಗೆ, ಕೆಮ್ಮು ಕೇಳ್ಸುತ್ತೆ ಅಷ್ಟೆ. ಬೆರಳುಗಳು ಹಾಳೆಯ ಮೇಲೆ ಓಡುತ್ತಿದ್ದವು, ಒಬ್ಬರ ಹಾಳೆಯ ಮೇಲೆ ಇನ್ನೊಬ್ಬರ ಬೆರಳು. ಯಾರೂ ಗೈಡಿನ ಮಾತು ಆಡುತ್ತಿರಲಿಲ್ಲ. ಇದಕ್ಕೇ ಅಲ್ಲವೆ ಅವನು ವರ್ಷವರ್ಷ ಗಂಟಲು ಹರಿದುಕೊಂಡದ್ದು, ಪಕ್ಕದ ಕೋಣೆಗಳ ನಗುವನ್ನು ಸಹಿಸಿಕೊಂಡದ್ದು. ಗಡ್ಡದವನು ಸಹ, ತನ್ನ ವೆರಿ ಗುಡ್ಡನ್ನು ತಾನೇ ವಾಪಸು ಕೊಡುವವನಂತೆ, ನಾನು ಹೇಳಿದ್ದು ತಪ್ಪು ಸರ್, ಇದು ಕತೆ ಅಲ್ಲ, ಅರ್ಜಿ ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಒಳ್ಳೆಯ ಮಾತು ಅದು. ಎಲ್ಲಿದೆ ಎಂದು ಕೇಳಿದ್ದರೆ ಗಡ್ಡದವನು ತೋರಿಸಿಯೂ ತೋರಿಸುತ್ತಿದ್ದ.

ಅವನು ಮೇಜು ಬಡಿದ. ಬರೆದವನಿಗೆ ಗೊತ್ತಿರುವುದಿಲ್ಲವೆ, ಅಪ್ಪ ಸತ್ತವನಿಗೆ ತಾನು ಎಲ್ಲಿ ಕೂತಿದ್ದೆ ಎಂದು ಗೊತ್ತಿರುವುದಿಲ್ಲವೆ, ಅಂಥವನ ಮೇಲೆ ಪೊಲೀಸರ ಹಾಗೆ ತನಿಖೆ ಮಾಡುವುದಕ್ಕೆ ನಾಚಿಕೆಯಾಗಬೇಕು ನಿಮಗೆ ಎಂದು ಹೇಳಿದ. ಹೇಳುತ್ತಿರುವಾಗಲೇ ತನ್ನ ನಿಯಮವನ್ನೆಲ್ಲ ತಾನೇ ಹರಿದು ಹಾಕುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು. ಬರೆದವನ ಮಾತನ್ನು ನಂಬಬೇಡಿ ಎಂದು ನೀವೇ ಕಲಿಸಿದ್ದಲ್ಲವೆ ಸರ್ ಎಂದಳು ವಕೀಲರ ಮಗಳು, ಹಲಗೆಯ ಪಕ್ಕದಲ್ಲೇ ನಿಂತು. ಚೇಷ್ಟೆಗೆ ಹೇಳಿದ್ದಲ್ಲ, ನಿಜವಾಗಿಯೂ ಗೊಂದಲವಾಗಿತ್ತು ಅವಳಿಗೆ. ಆ ಗೊಂದಲದ ಮುಖ ಕಂಡು ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಂಸ್ಥೆ ಇಂಗ್ಲಿಷ್ ಕಲಿಸುವುದಕ್ಕೆ ಇರುವುದು, ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳು ಎಂದ.

ಅವಳು ಪ್ರಯತ್ನಪಟ್ಟಳು. ಮೊದಲ ಪದಕ್ಕೇ ತಡೆದು, ಇನ್ನೊಮ್ಮೆ ಹೇಳು ಎಂದ. ಹೇಳಿದಳು. ನೆರಳು ಎಂಬುದಕ್ಕೆ ಅವಳ ಬಾಯಿಂದ ಬಂದ ಇಂಗ್ಲಿಷ್ ಪದವನ್ನು ಅವಳ ಧಾಟಿಯಲ್ಲೇ ಅಣಕಿಸಿ ತೋರಿಸಿದ. ಹಿಂದಿನ ಬೆಂಚು ನಕ್ಕಿತು. ಈಗಷ್ಟೇ ಅವಳ ಚಿತ್ರವನ್ನು ನೋಡಿ ಕಣ್ಣರಳಿಸಿದ ಅದೇ ಬೆಂಚು. ಮತ್ತೆ ಹೇಳು. ಅವಳ ಕತ್ತಿನವರೆಗೆ ಕೆಂಪೇರಿತು. ಇದಕ್ಕೇ ಇರಬೇಕು ಹೋದ ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದು, ಮೊದಲು ನಾಲಗೆ ತಿದ್ದಿಕೋ, ಆಮೇಲೆ ಬೇರೆಯವರ ಮನೆಯ ನಕ್ಷೆ ಬರೆಯುವೆಯಂತೆ ಎಂದ. ಎಷ್ಟು ಸುಲಭವಾಗಿತ್ತು. ಹುಡುಗರ ಮೇಲೆ ಪ್ರಯೋಗಿಸಲು ಈ ಅಸ್ತ್ರ ತನ್ನ ಬಳಿ ಯಾವಾಗಲೂ ಇತ್ತು, ತಾನು ಒಳ್ಳೆಯವನಾದ್ದರಿಂದ ಬಳಸಿರಲಿಲ್ಲ ಎಂದು ಅವನು ತಿಳಿದುಕೊಂಡಿದ್ದ. ಬೇಕಾಗಿರಲಿಲ್ಲ, ಅದಕ್ಕೆ ಬಳಸಿರಲಿಲ್ಲ. ಅವಳು ಸೀಮೆಸುಣ್ಣದ ತುಂಡನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟು, ತನ್ನ ಜಾಗಕ್ಕೆ ಹೋಗಿ ಕೂತಳು. ಕೂತ ಮೇಲೆ, ಅವನಿಗಲ್ಲ, ತನ್ನ ಎದುರಿನ ಹಾಳೆಗೆ ಹೇಳುವ ಹಾಗೆ ಹೇಳಿದಳು.

'ಬಾಗಿಲಲ್ಲೇ ನಿಂತಿದ್ದೆ, ಹೆದರಿಕೆ ಆಯ್ತು ಅಂತ ಬರೆದಿದ್ರೆ ನಂಗೆ ಅಳು ಬರ್ತಿತ್ತು.'

ಹೊತ್ತಾಗುವ ಮೊದಲೇ ತರಗತಿ ಬಿಟ್ಟ. ಹುಡುಗರು ಸದ್ದಿಲ್ಲದೆ ಎದ್ದುಹೋದರು, ಕೆಲವರು ಹಾಳೆಯನ್ನು ಬೆಂಚಿನ ಮೇಲೇ ಬಿಟ್ಟು, ಕೆಲವರು ಮಡಿಸಿ ಜೇಬಿಗಿಟ್ಟುಕೊಂಡು. ಜೇಬಿಗಿಟ್ಟುಕೊಂಡವರನ್ನು ಕರೆದು ವಾಪಸು ಕೇಳೋಣವೆನ್ನಿಸಿ, ಏನೆಂದು ಕೇಳುವುದು ಎಂದು ಸುಮ್ಮನಾದ. ಒರೆಸುವ ಬಟ್ಟೆ ಸಿಗಲಿಲ್ಲ. ಅಂಗೈಯಲ್ಲೇ ಹಲಗೆ ಒರೆಸಿದ. ಚುಕ್ಕೆ ಹೋಯಿತು, ಮಂಚದ ಗೆರೆಗಳು ಮಸುಕಾಗಿ ಉಳಿದವು. ಮೆಟ್ಟಿಲಿಳಿಯುವಾಗ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ ಮುದುಕರೊಬ್ಬರು ಕೆನ್ನೆ ಹಿಡಿದುಕೊಂಡೇ ಅವನನ್ನು ನೋಡಿ ತಲೆಬಾಗಿದರು. ಬೇರೆ ಯಾರೋ ಎಂದು ತಿಳಿದಿರಬೇಕು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಆ ಕೈ ಹೇಗಿತ್ತು ಎಂದು ಅವನು ಹುಡುಕಿದ. ಅಪ್ಪನ ಕೈ ಗೊತ್ತಿಲ್ಲದ್ದೇನಲ್ಲ. ಸೈಕಲ್ ಹೊಡೆಯುವುದನ್ನು ಕಲಿಸುವಾಗ ಹಿಂದಿನಿಂದ ಸೀಟು ಹಿಡಿದ ಕೈ, ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಪೆನ್ನು ಜಾಡಿಸುತ್ತಿದ್ದ ಕೈ ಎಲ್ಲ ಬಂದವು. ಆ ಸಂಜೆಯ ಕೈ ಬರಲಿಲ್ಲ. ಹುಡುಕಿದಾಗಲೆಲ್ಲ ಇಂಗ್ಲಿಷಿನ ಆ ವಾಕ್ಯ ಬಂತು, ಅಲ್ಪವಿರಾಮ ಸಮೇತ. ವಾಕ್ಯದ ಹಿಂದೆ ಏನೂ ಇರಲಿಲ್ಲ. ಅದರ ಬದಲು ಬೇಡದ್ದು ಬಂತು, ಹಾಳೆಯಲ್ಲಿ ಇಲ್ಲದ್ದು. ಅಕ್ಕ ಬೇಸಿನ್ನು ಹಿಡಿದಿದ್ದಳು, ಬಟ್ಟೆ ಬದಲಿಸಬೇಕಾಗಿತ್ತು, ಒಬ್ಬಳಿಂದ ಆಗುತ್ತಿರಲಿಲ್ಲ. ಅವಳು ಕರೆಯುವುದಿಲ್ಲ, ತಾನಾಗಿ ಹೋಗಬೇಕು. ಹೋಗುತ್ತೇನೆ, ಈಗ ಹೋಗುತ್ತೇನೆ ಎಂದು ಅವನು ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದ. ಕೈಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟಿತ್ತು, ಅದನ್ನು ಎಲ್ಲಿಡುವುದು ಎಂದು ಯೋಚಿಸಿದ್ದ, ನಿಜವಾಗಿಯೂ ಯೋಚಿಸಿದ್ದ, ನೆಲದ ಮೇಲೆ ಇಟ್ಟರೆ ಒದ್ದೆಯಾದೀತು ಎಂದು. ಆಗ ಅಪ್ಪ ತಲೆ ಸ್ವಲ್ಪ ಎತ್ತಿ, ಅಲ್ಲಿ ಯಾರದು ಎಂದು ಕೇಳಿದರು. ಅಕ್ಕ ತಿರುಗಿ ನೋಡಿದಳು. ಅವಳು ಕಾದಳು. ತಾನು ಬಾಯಿ ತೆರೆಯಲಿ ಎಂದು ಅವಳು ಕಾದದ್ದು ಈಗ ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ, ಹಣೆಯ ಮೇಲೆ ಅಂಟಿದ ಕೂದಲು ಸಮೇತ. ಆಮೇಲೆ ಅವಳು ಅಪ್ಪನ ಕಡೆ ತಿರುಗಿ, ಯಾರೂ ಇಲ್ಲಪ್ಪ ಎಂದಳು.

ನಿಲ್ದಾಣ ದಾಟಿಹೋಗಿ, ಮುಂದಿನದರಲ್ಲಿ ಇಳಿದು ವಾಪಸು ನಡೆದ. ನಡೆಯುತ್ತಾ ಒಂದು ಮಾತು ಸಿದ್ಧಮಾಡಿಕೊಂಡ, ಇಂಗ್ಲಿಷಿನಲ್ಲಲ್ಲ. ನೀನು ಹೇಳಿದ್ದೇ ಸರಿ ಅಕ್ಕ. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಹೋದರೆ ಮತ್ತೆ ಏನಾದರೂ ಅಲಂಕಾರ ಸೇರಿಕೊಳ್ಳುತ್ತದೆ. ಹೇಳಿ ಸುಮ್ಮನೆ ನಿಂತರೆ ಸಾಕು, ಅವಳು ಬೈದರೆ ಬೈಯಲಿ. ತುಟಿ ಅಲ್ಲಾಡುವಷ್ಟು ಸಲ ಹೇಳಿಕೊಂಡ. ಎದುರು ಬರುತ್ತಿದ್ದ ಹೆಂಗಸು ಪಕ್ಕಕ್ಕೆ ಸರಿದು ನಡೆದಳು. ಗೇಟಿನ ಬಳಿ ಬರುವ ಹೊತ್ತಿಗೆ ಮಾತು ಹಗುರವಾಗಿತ್ತು, ಹೇಳಿಬಿಡಬಹುದು ಎನ್ನಿಸುವಷ್ಟು. ಎಷ್ಟೋ ದಿನದ ಮೇಲೆ ಅವನಿಗೆ ಹಸಿವೆಯೂ ಆಯಿತು.

ಅಕ್ಕ ಯಂತ್ರದ ಮುಂದೆ ಕೂತಿದ್ದಳು. ಅವನು ಚಪ್ಪಲಿ ಬಿಡುತ್ತಿದ್ದಂತೆ ಕಾಲಿನ ತುಳಿತ ನಿಲ್ಲಿಸಿದಳು. ಅವನಿಗಿಂತ ಮೊದಲು ಅವಳೇ ಮಾತಾಡಿದಳು, ಸೂಜಿಯ ಕೆಳಗಿನ ಬಟ್ಟೆಯಿಂದ ಕಣ್ಣು ತೆಗೆಯದೆ. ಒಂದೇ ಮನೆಯಲ್ಲಿದ್ದುಕೊಂಡು ಹೀಗೆ ಮುಖ ತಿರುಗಿಸಿಕೊಂಡು ಎಷ್ಟು ದಿನ ಇರುವುದು, ನಿನ್ನ ಹೆಂಡತಿ ನಡುವೆ ಸಿಕ್ಕಿ ಸಾಯುತ್ತಿದ್ದಾಳೆ, ನನಗೂ ವಯಸ್ಸಾಯಿತು, ಇನ್ನೆಲ್ಲಿಗೆ ಹೋಗಲಿ ಎಂದಳು. ಅಪ್ಪ ಹೋದ ದಿನ ತಾನೂ ಒಳಗೆ ಹೊರಗೆ ಓಡಾಡುತ್ತಿದ್ದೆ, ನೀರು ಕಾಯಿಸಲು ಹೋದಾಗ ಯಾರು ಬಂದರು ಯಾರು ಕೂತರು ಎಂದು ತನಗೆ ಹೇಗೆ ಗೊತ್ತಾಗಬೇಕು ಎಂದಳು.

'ನೀನು ಕೂತಿದ್ದೆ ಅಂದ್ರೆ ಕೂತಿದ್ದೆ. ನಂಗೇ ಮರ್ತು ಹೋಗಿದೆ ಬಿಡು.'

ಒಳಬಾಗಿಲಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಇದನ್ನು ಹೇಳಿಸಿದವಳು ಅವಳೇ ಎಂದು ಅವಳ ಮುಖದಲ್ಲೇ ಬರೆದಿತ್ತು. ಸಿದ್ಧಮಾಡಿಕೊಂಡ ಮಾತು ಅವನ ಬಾಯಲ್ಲೇ ಇತ್ತು. ಈಗ ಅದನ್ನು ಹೇಳುವುದು ಇನ್ನೂ ಸುಲಭ, ಅವಳು ಬಾಗಿದ ಮೇಲೆ ಬಾಗುವುದಕ್ಕೆ ಏನೂ ಖರ್ಚಿಲ್ಲ. ಅಕ್ಕ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಅವಳಿಗೆ ಏನೂ ಮರೆತಿರಲಿಲ್ಲ. ಅದು ಅವಳ ಕಣ್ಣಿನಲ್ಲೇ ಇತ್ತು, ಬೆರಳಿಟ್ಟು ತೋರಿಸಬಹುದಾಗಿತ್ತು. ಎಲ್ಲ ನೆನಪಿಟ್ಟುಕೊಂಡೇ ಅವಳು ಅದನ್ನು ಅವನಿಗೆ ಬಿಟ್ಟುಕೊಡುತ್ತಿದ್ದಳು. ಅದನ್ನು ಕಂಡದ್ದೇ ತಡ, ಗೆದ್ದೆ ಎಂದು ಅವನ ಎದೆಯೊಳಗೆ ಏನೋ ಎದ್ದು ನಿಂತಿತು. ಅದನ್ನು ಕೂರಿಸಲು ಅವನು ಪ್ರಯತ್ನಿಸಲಿಲ್ಲ ಎಂದಲ್ಲ.

ನಮ್ಮೊಳಗೆ ಒಪ್ಪಿಕೊಂಡರೆ ಏನು ಬಂತು, ಅಷ್ಟು ಜನರ ಮುಂದೆ ಮರ್ಯಾದೆ ತೆಗೆದದ್ದು ತೆಗೆದದ್ದೇ ಅಲ್ಲವೆ ಎಂದು ಅವನು ಕೇಳಿದ. ತನ್ನ ದನಿ ತರಗತಿಯ ದನಿಯಾಗಿರುವುದು ಅವನಿಗೇ ಕೇಳಿಸಿತು. ಹೆಂಡತಿ ಬೇಡ ಎಂಬಂತೆ ತಲೆಯಾಡಿಸಿದಳು. ಅಕ್ಕ ಮಾತ್ರ ಎದ್ದು, ಮಡಿಲಿನ ದಾರದ ಚೂರು ಕೊಡವಿ, ಹೆಂಡತಿಯ ಫೋನು ತೆಗೆದುಕೊಂಡು ಅವಳ ತಮ್ಮನ ಮನೆಗೆ ಹಚ್ಚಿದಳು. ಕ್ಷೇಮಸಮಾಚಾರ ಕೇಳಿದಳು. ಮಕ್ಕಳ ಶಾಲೆಯ ವಿಷಯ ಕೇಳಿದಳು. ಆಮೇಲೆ, ಅವತ್ತು ನಾನು ಏನೋ ಬಾಯಿಗೆ ಬಂದದ್ದು ಅಂದುಬಿಟ್ಟೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಇವನು ಅಪ್ಪನ ಹತ್ತಿರವೇ ಇದ್ದ, ಕೊನೆವರೆಗೂ ಕೂತಿದ್ದ, ನನಗೇ ಜ್ಞಾಪಕ ತಪ್ಪಿತ್ತು ಎಂದು ಒಂದೇ ಉಸಿರಿಗೆ ಹೇಳಿದಳು. ಆ ಕಡೆಯಿಂದ ತಮ್ಮನ ಹೆಂಡತಿ ಏನೋ ಸಮಾಧಾನ ಹೇಳುತ್ತಿರುವುದು ಸಣ್ಣಗೆ ಕೇಳಿಸಿತು. ಅಕ್ಕ ಫೋನನ್ನು ಕಿವಿಯಿಂದ ದೂರ ಹಿಡಿದು, ಅಂಗೈ ಮುಚ್ಚಿ, ಅವನ ಕಡೆ ತಿರುಗಿದಳು.

'ಇಷ್ಟು ಸಾಕಾ?'

ಸಾಕು ಎನ್ನಲು ಅವನು ಬಾಯಿ ತೆರೆದ.

'ನಾನು ಅಳ್ತಿದ್ದೆ ಅಂತ್ಲೂ ಹೇಳು' ಎಂದ.

ಅಕ್ಕ ಅಂಗೈ ತೆಗೆದಳು. ಆಮೇಲೆ ಫೋನು ಕಿವಿಗಿಟ್ಟುಕೊಂಡು ಅದನ್ನೂ ಹೇಳಿದಳು.